ಅಂಗಡಿ ಕಟ್ಟೆಯಿಂದ: ರೈಲು ನಿಲ್ಲಿಸಿದವರನ್ನು ಬೈಯಬೇಡಿ



ವ್ಯಾಪಾರಸ್ಥರಾದ ನಮಗೆಲ್ಲ ಒಂದು ಅಭ್ಯಾಸವಿದೆ. ಲಾರಿ ತಡವಾದರೆ ಬೈಯುತ್ತೇವೆ, ಬಸ್ಸು ಬಾರದಿದ್ದರೆ ಬೈಯುತ್ತೇವೆ, ರೈಲು ನಿಂತರಂತೂ ಇಡೀ ಇಲಾಖೆಯನ್ನೇ ಬೈಯುತ್ತೇವೆ. ಅರವತ್ತು ದಾಟಿದ ಮೇಲೆ ನಾವು ಈ ಅಭ್ಯಾಸವನ್ನು ಬಿಟ್ಟೆವು. ಬಿಡಿಸಿದ್ದು 2024ನೇ ಇಸವಿಯ ಡಿಸೆಂಬರ್ 2, ಸೋಮವಾರ. ಆ ದಿನದ ಸಂಗತಿಯನ್ನು ಈ ಸಲ ತಮ್ಮ ಮುಂದಿಡುತ್ತೇವೆ. ಅದರಲ್ಲಿ ತಪ್ಪು ನಮ್ಮದೇ ಇದೆ. ಮುಚ್ಚಿಡದೆ ಹೇಳುತ್ತೇವೆ.

ಮೊದಲು ನಮ್ಮ ಸೀಮೆಯ ರೈಲಿನ ಕಥೆ ಎರಡು ಮಾತಿನಲ್ಲಿ. 1905ರಲ್ಲಿ ತಿರುಪತ್ತೂರಿನಿಂದ ಕೃಷ್ಣಗಿರಿಗೆ, 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ ಸಣ್ಣ ಗೇಜಿನ ರೈಲು ಬಂದಿತ್ತು. ಬರಗಾಲದಲ್ಲಿ ಧಾನ್ಯ ಸಾಗಿಸಲು ಅನುಕೂಲವಾಗಲೆಂದು ಹಾಕಿದ ದಾರಿಗಳವು. ಧರ್ಮಪುರಿಯ ಹಳಿ 1913ರಲ್ಲಿ ಹೊಸೂರಿನವರೆಗೆ ಬಂತು. ಕಾಲಕ್ರಮದಲ್ಲಿ ಇವೆಲ್ಲವನ್ನೂ ಮುಚ್ಚಿದರು. ಹೊಸೂರಿಗೆ ಮುಂದೆ ಬೆಂಗಳೂರು-ಸೇಲಂ ದಾರಿಯ ಭಾಗ್ಯ ಬಂತು. ಕೃಷ್ಣಗಿರಿ ಪಟ್ಟಣಕ್ಕೆ ಮಾತ್ರ 2024ರಲ್ಲಿಯೂ ರೈಲಿರಲಿಲ್ಲ. ಹೀಗಾಗಿ ನಮ್ಮೂರಿನವರು ರೈಲು ಹತ್ತಬೇಕಾದರೆ ಜೋಲಾರ್‌ಪೇಟೆಗೋ ಕುಪ್ಪಂಗೋ ಹೊಸೂರಿಗೋ ಹೋಗಬೇಕು. ರೈಲು ಕಷ್ಟಪಟ್ಟು ಸಿಗುವ ವಸ್ತುವಾದ್ದರಿಂದ ನಮಗೆ ಅದರ ಮೇಲೆ ನಂಬಿಕೆ ಹೆಚ್ಚು. ಬಸ್ಸು ಮಳೆಗೆ ನಿಂತೀತು, ರೈಲು ನಿಲ್ಲದು ಎಂದು ತಿಳಿದವರು ನಾವು.

2024ರ ನವೆಂಬರ್ ಕೊನೆಯ ವಾರ ನಮ್ಮ ಚಿರಂಜೀವಿ ಬಟ್ಟೆ ಖರೀದಿಗೆಂದು ಚೆನ್ನೈಗೆ ಹೋಗಿದ್ದ. ಅಲ್ಲಿಂದ ವಿಲ್ಲುಪುರಂಗೆ ರೈಲಿನಲ್ಲಿ ಹೋಗಿ, ಒಬ್ಬ ವ್ಯಾಪಾರಿಯೊಡನೆ ಮೂರು ವರ್ಷದ ಹಳೆಯ ಬಾಕಿಯ ಲೆಕ್ಕ ಮುಗಿಸಿಕೊಂಡು, ತಿರುವಣ್ಣಾಮಲೈ, ಚೆಂಗಂ, ಊತಂಗರೈ ದಾರಿಯಾಗಿ ಬಸ್ಸಿನಲ್ಲಿ ಊರಿಗೆ ಬರುವುದೆಂದು ಮಾತಾಗಿತ್ತು. ಲೆಕ್ಕಕ್ಕೆ ಗೊತ್ತು ಮಾಡಿದ್ದ ದಿನ ಡಿಸೆಂಬರ್ 2. ಸುಮಾರು ಎರಡೂವರೆ ಲಕ್ಷದ ಬಾಬತ್ತು. ನಾಲ್ಕು ಸಲ ದಿನ ಹೇಳಿ ನಾಲ್ಕು ಸಲವೂ ಮುಂದೆ ಹೋಗಿತ್ತು.

ನವೆಂಬರ್ 30ರ ಶನಿವಾರ ರಾತ್ರಿ ಫೆಂಗಲ್ ಎಂಬ ಚಂಡಮಾರುತ ಪುದುಚೇರಿಯ ಹತ್ತಿರ ದಡ ಸೇರಿತು. ಸಾಮಾನ್ಯವಾಗಿ ದಡ ಸೇರಿದ ಗಾಳಿ ಬೇಗ ಒಳನಾಡಿಗೆ ಸರಿದು ಕರಗುತ್ತದೆ. ಇದು ಹಾಗಾಗಲಿಲ್ಲ. ಭಾನುವಾರ ಗಂಟೆಗಟ್ಟಲೆ ಅಲ್ಲೇ ಕೂತು ಮಳೆ ಸುರಿಸಿತು. ಪುದುಚೇರಿಯಲ್ಲಿ ಒಂದು ದಿನದಲ್ಲಿ ಅರ್ಧ ಮೀಟರಿನಷ್ಟು, ವಿಲ್ಲುಪುರಂ ಜಿಲ್ಲೆಯ ಮೈಲಂನಲ್ಲಿ ಅದಕ್ಕೂ ಸ್ವಲ್ಪ ಹೆಚ್ಚು ಮಳೆಯಾಯಿತು. ಚೆನ್ನೈಯಲ್ಲಿ ಆ ವೇಳೆಗೆ ಮಳೆ ತಗ್ಗಿತ್ತು.

ಭಾನುವಾರ ಸಂಜೆ ಮಗ ಫೋನು ಮಾಡಿದ. "ಅಪ್ಪಾಜಿ, ವಿಲ್ಲುಪುರಂ ಕಡೆ ಬಹಳ ನೀರಂತೆ. ಆ ಊರಿನ ಕೆಲಸ ಮುಂದಕ್ಕೆ ಹಾಕಿ, ಕಾಟ್ಪಾಡಿ ಮೇಲೆ ಜೋಲಾರ್‌ಪೇಟೆಗೆ ಬಂದುಬಿಡಲೇ?" ಎಂದ. ನಾವೇನು ಹೇಳಿದೆವು ಗೊತ್ತೇ? "ಮಳೆಗೆ ಹೆದರಿದವನು ಅಂಗಡಿ ಬಾಗಿಲು ತೆಗೆಯಬಾರದು. ಈ ದಿನ ತಪ್ಪಿದರೆ ಆ ಮನುಷ್ಯ ಮತ್ತೆ ಕೈಗೆ ಸಿಗುವುದಿಲ್ಲ. ರೈಲಿಗೆ ಮಳೆ ಏನು ಮಾಡುತ್ತದೆ? ಹೋಗಿ ಬಾ" ಎಂದೆವು. ಮಗ ಎದುರು ಮಾತಾಡುವವನಲ್ಲ. "ಆಗಲಿ ಅಪ್ಪಾಜಿ" ಎಂದ.

ಆ ರಾತ್ರಿ ಮಳೆ ನಮ್ಮ ಮನೆಗೇ ಬಂತು. ಕೃಷ್ಣಗಿರಿಯಲ್ಲಿ ಬೆಳಗಿನ ತನಕ ಹೆಂಚಿನ ಮೇಲೆ ಅಕ್ಕಿ ಸುರಿದ ಹಾಗೆ ಸದ್ದು. ನಮ್ಮ ಜಿಲ್ಲೆಯ ಊತಂಗರೈಯಲ್ಲಿ ಸೋಮವಾರ ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಗಳಲ್ಲಿ 50 ಸೆಂಟಿಮೀಟರ್ ಮಳೆ ದಾಖಲಾಯಿತು. ನಮ್ಮ ಸೀಮೆಯಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆಯ ಅರ್ಧಕ್ಕಿಂತ ಹೆಚ್ಚು ಒಂದೇ ದಿನದಲ್ಲಿ! ಕೆರೆ ತುಂಬಿ ಹರಿದು, ವಾಣಿಯಂಬಾಡಿ ರಸ್ತೆಯ ಬದಿ ನಿಲ್ಲಿಸಿದ್ದ ವ್ಯಾನು, ಕಾರುಗಳು ಬೆಂಕಿಪೆಟ್ಟಿಗೆಗಳ ಹಾಗೆ ನೀರಿನಲ್ಲಿ ತೇಲಿ ಹೋದವು. ತಿರುವಣ್ಣಾಮಲೈಯಲ್ಲಿ ಬೆಟ್ಟದ ಮಣ್ಣು ಕುಸಿದು ಏಳು ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು. ನಂದಿಬೆಟ್ಟದಲ್ಲಿ ಹುಟ್ಟಿ ಹೊಸೂರು, ಕೃಷ್ಣಗಿರಿ ಹಾಯ್ದು ಹೋಗುವ ನಮ್ಮ ದಕ್ಷಿಣ ಪಿನಾಕಿನಿಯೇ ಕೆಳಗೆ ಸಾತನೂರು ಅಣೆಕಟ್ಟನ್ನು ತುಂಬಿಸಿತು. ಅಲ್ಲಿಂದ ಸುಮಾರು 1.68 ಲಕ್ಷ ಕ್ಯೂಸೆಕ್ ನೀರು ಬಿಡಬೇಕಾಯಿತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಮಗನ ಫೋನು. "ರೈಲು ನಡುದಾರಿಯ ಸ್ಟೇಷನ್ನಿನಲ್ಲಿ ನಿಂತಿದೆ. ಮುಂದೆ ಸೇತುವೆಯಲ್ಲಿ ನೀರು ಏರಿದೆಯಂತೆ" ಎಂದ. ವಿಕ್ರವಾಂಡಿ ಮತ್ತು ಮುಂಡಿಯಂಬಾಕ್ಕಂ ನಡುವಿನ ಸೇತುವೆಯಲ್ಲಿ ನೀರು ಅಪಾಯದ ಗುರುತನ್ನು ದಾಟಿತ್ತು. ಆ ದಾರಿಯ ರೈಲುಗಳನ್ನೆಲ್ಲ ತಡೆದರು; ಹಲವು ರದ್ದಾದವು, ಕೆಲವನ್ನು ಕಾಟ್ಪಾಡಿ ಮೇಲೆ ತಿರುಗಿಸಿದರು. ಇಷ್ಟು ಹೇಳುವಷ್ಟರಲ್ಲಿ ಫೋನು ನಿಂತಿತು. ಮತ್ತೆ ಹತ್ತಲಿಲ್ಲ.

ಹತ್ತು ಗಂಟೆಗೆ ಅಂಗಡಿಯ ಹುಡುಗ ತನ್ನ ಫೋನಿನಲ್ಲಿ ಊತಂಗರೈಯ ಚಿತ್ರ ತೋರಿಸಿದ. ನಮ್ಮ ಮನೆಯವರೂ ನೋಡಿದರು. "ಮಗು ಬಸ್ಸಿನಲ್ಲಿ ಈ ದಾರಿಯಲ್ಲೇ ಬರಬೇಕಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಬೇಡ ಎಂದಿದ್ದರೆ ಅವನು ಅಲ್ಲೇ ಕೂತಿರುತ್ತಿದ್ದ" ಎಂದರು. ಅಷ್ಟೇ. ಆಮೇಲೆ ಅವರು ಮಾತಾಡಲಿಲ್ಲ, ನೀರನ್ನೂ ಮುಟ್ಟಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಅವರು ನಮ್ಮನ್ನು ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಜೋರಾಗಿ ಬೈದದ್ದಿಲ್ಲ. ನಾವು ಕಟ್ಟೆಯ ಮೇಲೆ ಖಾತೆ ಪುಸ್ತಕ ತೆರೆದು ಕೂತೆವು. ಒಂದು ಅಂಕಿಯೂ ಕಣ್ಣಿಗೆ ಹತ್ತಲಿಲ್ಲ.

ಆಗ ನಮ್ಮ ತಂದೆಯವರು ಹೇಳುತ್ತಿದ್ದ ಒಂದು ಸಂಗತಿ ನೆನಪಾಯಿತು. 1956ರ ನವೆಂಬರ್ 23. ಮದರಾಸಿನಿಂದ ತೂತುಕುಡಿಗೆ ಹೊರಟ ಎಕ್ಸ್‌ಪ್ರೆಸ್ ರೈಲು ನಸುಕಿನಲ್ಲಿ ಅರಿಯಲೂರಿನ ಹತ್ತಿರ ಮರುದೈಯಾರು ಹೊಳೆಯ ಸೇತುವೆಗೆ ಬಂತು. ಪ್ರವಾಹದಿಂದ ಸೇತುವೆ ದುರ್ಬಲವಾಗಿತ್ತು. ಅದನ್ನು ನಿಲ್ಲಿಸಿದವರಿರಲಿಲ್ಲ. 140ಕ್ಕೂ ಹೆಚ್ಚು ಮಂದಿ ನೀರುಪಾಲಾದರು. ರೈಲ್ವೆ ಮಂತ್ರಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರು ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. 1964ರ ಡಿಸೆಂಬರ್ 22ರ ರಾತ್ರಿ ಧನುಷ್ಕೋಡಿಗೆ ಹೊರಟ ಪಾಸೆಂಜರ್ ರೈಲನ್ನು ಸಮುದ್ರವೇ ಎಳೆದುಕೊಂಡಿತು. ಅದರಲ್ಲಿದ್ದವರು ಯಾರೂ ಬದುಕಲಿಲ್ಲ.

ಇದಕ್ಕೆ ಎದುರಾದ ಸಂಗತಿ 2023ರದು. ಡಿಸೆಂಬರ್ 17ರ ರಾತ್ರಿ ತಿರುಚೆಂದೂರಿನಿಂದ ಚೆನ್ನೈಗೆ ಹೊರಟ ರೈಲನ್ನು ಶ್ರೀವೈಕುಂಠಂ ಸ್ಟೇಷನ್ನಿನಲ್ಲಿ ತಡೆದು ನಿಲ್ಲಿಸಿದರು. ಸುಮಾರು 800 ಜನ ಪ್ರಯಾಣಿಕರು. ಮುಂದೆ ಹಳಿಯ ಕೆಳಗಿನ ಜಲ್ಲಿ, ಮಣ್ಣು ಕೊಚ್ಚಿಹೋಗಿ ಹಳಿ ಗಾಳಿಯಲ್ಲಿ ತೂಗಾಡುತ್ತಿತ್ತು. ನೂರಾರು ಜನ ಎರಡು ರಾತ್ರಿ ಅಲ್ಲೇ ಕಳೆಯಬೇಕಾಯಿತು. ಹತ್ತಿರದ ಹಳ್ಳಿಯವರು ತಾವೇ ಮಳೆಯಲ್ಲಿ ನೊಂದಿದ್ದರೂ ಅಡಿಗೆ ಮಾಡಿ ಬಡಿಸಿದರು. ಹೆಲಿಕಾಪ್ಟರಿನಿಂದ ಆಹಾರ ಇಳಿಸಿದರು. ಡಿಸೆಂಬರ್ 19ರಂದು ಎಲ್ಲರನ್ನೂ ಅಲ್ಲಿಂದ ಪಾರು ಮಾಡಿದರು.

ಒಂದು ಕಡೆ ನಿಲ್ಲದೆ ಹೋದ ರೈಲು, ಇನ್ನೊಂದು ಕಡೆ ನಿಂತ ರೈಲು. ವ್ಯತ್ಯಾಸ ಇಷ್ಟೇ. ಮಗನ ರೈಲನ್ನು ಯಾರೋ ಪುಣ್ಯಾತ್ಮರು ನಿಲ್ಲಿಸಿದ್ದರು. ಮಗನನ್ನು ಹೊರಡಿಸಿದವರು ನಾವು.

ಸಂಜೆ ಏಳಕ್ಕೆ ಗುರುತಿಲ್ಲದ ನಂಬರಿನಿಂದ ಫೋನು ಬಂತು. ಸಹಪ್ರಯಾಣಿಕರೊಬ್ಬರ ಫೋನಿನಲ್ಲಿ ಮಗ ಮಾತಾಡಿದ. ವಾಪಸು ಚೆನ್ನೈಗೆ ಹೊರಟಿದ್ದ. ಮನೆಯವರಿಗೆ ಫೋನು ಕೊಟ್ಟೆವು. ಅವರು ಕೇಳಿದ ಮೊದಲ ಮಾತು, "ಏನು ತಿಂದೆ?" ಮಗನ ಚೀಲದಲ್ಲಿ ಒಗ್ಗರಣೆ ಅವಲಕ್ಕಿ, ಹುರಿಗಡಲೆ ಇತ್ತು. ಎದುರು ಸೀಟಿನಲ್ಲಿ ಎರಡು ಚಿಕ್ಕ ಮಕ್ಕಳು. ಅರ್ಧ ಅವರಿಗೆ ಕೊಟ್ಟು, ಅರ್ಧ ತಾನು ಹೊತ್ತು ಮುಳುಗುವ ಮೊದಲೇ ಮುಗಿಸಿದ್ದನಂತೆ.

ಮಂಗಳವಾರ ಸಂಜೆ ಜೋಲಾರ್‌ಪೇಟೆಯ ಮೇಲೆ ಊರು ಸೇರಿದ. ಅವನು ಹೇಳಿದ ಒಂದು ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ. ರೈಲು ನಿಂತು ಎರಡು ಗಂಟೆಯಾದ ಮೇಲೆ ಜನ ಸ್ಟೇಷನ್ ಮಾಸ್ಟರನ್ನು ಸುತ್ತಿಕೊಂಡು ಕೂಗಾಡಿದರಂತೆ. "ನಾನೂ ಕೂಗಿದೆ ಅಪ್ಪಾಜಿ. ನಿಮ್ಮ ಕೆಲಸ ತಪ್ಪಿತಲ್ಲ ಎಂಬ ಸಿಟ್ಟು" ಎಂದ. ಆಗ ಹಳಿ ಕಾಯುವ ವಯಸ್ಸಾದ ನೌಕರನೊಬ್ಬ ತಮಿಳಿನಲ್ಲಿ ಮೆಲ್ಲಗೆ ಹೇಳಿದನಂತೆ: "ತಂಬಿ, ನೀರಿನ ಮೇಲೆ ನಿಮಗೆ ಕಾಣುವುದು ಹಳಿ. ಅದರ ಕೆಳಗೆ ನೆಲ ಇದೆಯೋ ಇಲ್ಲವೋ, ನೀರು ಇಳಿದ ಮೇಲಲ್ಲವೇ ಗೊತ್ತಾಗುವುದು?"

ಆತ ಹೇಳಿದ್ದು ನಿಜ. ರೈಲು ಸೇತುವೆಯ ಕಂಬಗಳ ಮೇಲೆ ಅಪಾಯದ ಮಟ್ಟದ ಗುರುತು ಬರೆದಿರುತ್ತಾರೆ. ಮಳೆಗಾಲದ ರಾತ್ರಿಗಳಲ್ಲಿ ನೌಕರರು ದೀಪ ಹಿಡಿದು ಹಳಿಯ ಉದ್ದಕ್ಕೂ ನಡೆಯುತ್ತಾರೆ. ನೀರು ಗುರುತು ಮುಟ್ಟಿದರೆ ರೈಲು ನಿಲ್ಲಬೇಕು. ನೀರು ಇಳಿದ ಮೇಲೆ ಎಂಜಿನಿಯರು ಬಂದು ಕಂಬದ ಬುಡ ಕೊರೆದಿದೆಯೇ, ಏರಿಯ ಮಣ್ಣು ಗಟ್ಟಿಯಾಗಿದೆಯೇ ಎಂದು ನೋಡಿ, ಮೊದಲ ರೈಲನ್ನು ನಡೆದಷ್ಟು ನಿಧಾನವಾಗಿ ಬಿಡುತ್ತಾರೆ. ನಮಗೆ ಕಾಣುವುದು ತಡ ಮಾತ್ರ. ಆ ತಡದ ಒಳಗೆ ಇಷ್ಟು ಕೆಲಸವಿದೆ.

ಬಾಕಿಯ ಲೆಕ್ಕ ಏನಾಯಿತು ಎಂದು ತಾವು ಕೇಳುವಿರಿ. ಆ ಸೋಮವಾರ ವಿಲ್ಲುಪುರಂನ ಆ ವ್ಯಾಪಾರಿಯ ಅಂಗಡಿಯಲ್ಲಿ ಮೊಣಕಾಲುದ್ದ ನೀರು. ಬಾಗಿಲೇ ತೆಗೆದಿರಲಿಲ್ಲ! ತಿಂಗಳ ಕೊನೆಯಲ್ಲಿ ಅವರೇ ಕೃಷ್ಣಗಿರಿಗೆ ಬಂದು ಲೆಕ್ಕ ಮುಗಿಸಿದರು. ಅವರ ಸರಕಿನ ನಷ್ಟ ನೋಡಿ ನಾವು ಸ್ವಲ್ಪ ಬಿಟ್ಟೂಕೊಟ್ಟೆವು. ಯಾವ ದಿನಕ್ಕಾಗಿ ಮಗನನ್ನು ನೀರಿನ ಕಡೆ ಕಳಿಸಿದೆವೋ ಆ ದಿನಕ್ಕೆ ಬೆಲೆಯೇ ಇರಲಿಲ್ಲ.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ಊರಿನವರೆಲ್ಲರ ಮುಂದೆ ಕೈ ಮುಗಿಯುತ್ತೇವೆ. ಅದು ಸುಲಭ. ಸ್ವಂತ ಮಗನ ಮುಂದೆ ಕೈ ಮುಗಿಯುವುದು ಬಹಳ ಕಷ್ಟ. ಆದರೂ ಬುಧವಾರ ಬೆಳಿಗ್ಗೆ ಅಂಗಡಿ ತೆಗೆಯುವ ಮುನ್ನ, "ತಪ್ಪಾಯಿತಪ್ಪ. ಇನ್ನು ಮೇಲೆ ದಾರಿಯಲ್ಲಿರುವವನ ಮಾತೇ ಕೊನೆಯ ಮಾತು" ಎಂದೆವು. ಮಗ ತಲೆ ತಗ್ಗಿಸಿ ಬೀಗ ತೆಗೆದ. ಒಳಗೆ ನಮ್ಮ ಮನೆಯವರು ಆ ದಿನ ಎರಡು ದೋಸೆ ಹೆಚ್ಚು ಹಾಕಿದರು.

ಹಿರಿಯರು ಮಳೆಗಾಲದಲ್ಲಿ ಚಾತುರ್ಮಾಸವೆಂದು ತ್ಯಾಗಿಗಳು ಒಂದೆಡೆ ನಿಲ್ಲುವ ನಿಯಮ ಇಟ್ಟರು. ಕಾರ್ತಿಕದ ವೇಳೆಗೆ ಅದು ಮುಗಿದು ವಿಹಾರ ಆರಂಭವಾಗುತ್ತದೆ. ನಮ್ಮ ಈ ಭಾಗದಲ್ಲಿಯಾದರೋ ಹಿಂಗಾರಿನ ಚಂಡಮಾರುತಗಳು ಬರುವುದೇ ಆ ಸಮಯಕ್ಕೆ. ಆದ್ದರಿಂದ ಅಕ್ಟೋಬರಿನಿಂದ ಡಿಸೆಂಬರಿನ ತನಕ ಪ್ರಯಾಣ ಮಾಡುವ ಬಂಧುಗಳು ನಮ್ಮ ಅನುಭವದ ಈ ನಾಲ್ಕು ಮಾತನ್ನು ಗಮನಿಸಲಿ.

ಒಂದು, ಹೊರಡುವ ಮುನ್ನ 139ಕ್ಕೆ ಫೋನು ಮಾಡಿ ರೈಲಿನ ಸ್ಥಿತಿ ಕೇಳಿ. ಎರಡು, ರೈಲೇ ರದ್ದಾದರೆ ಟಿಕೆಟ್ಟಿನ ಪೂರ್ತಿ ಹಣ ವಾಪಸು ಬರುತ್ತದೆ. ಫೋನಿನಲ್ಲಿ ತೆಗೆದ ಟಿಕೆಟ್ಟಿಗೆ ತಾನಾಗಿಯೇ ಬರುತ್ತದೆ. ಕೌಂಟರಿನ ಟಿಕೆಟ್ಟನ್ನು ಕೌಂಟರಿಗೇ ಕೊಡಬೇಕು. ನೀವು ಹತ್ತುವ ಸ್ಟೇಷನ್ನಿಗೆ ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣ ಬಿಟ್ಟರೂ ಪೂರ್ತಿ ಹಣಕ್ಕೆ ಹಕ್ಕುಂಟು. ರೈಲು ಹೊರಡುವ ಮುನ್ನವೇ ಕೇಳಬೇಕು. ಮೂರು, ಚೀಲದಲ್ಲಿ ಒಂದು ದಿನದ ಒಣ ತಿಂಡಿ, ಸೋಸಿದ ನೀರು, ನಿತ್ಯದ ಮಾತ್ರೆ, ಮನೆಯವರ ಫೋನು ನಂಬರು ಬರೆದ ಚೀಟಿ ಇರಲಿ. ಫೋನು ಸತ್ತರೆ ನಂಬರು ಯಾರಿಗೂ ಬಾಯಿಗೆ ಬರುವುದಿಲ್ಲ. ನಾಲ್ಕು, ಅಂಗಡಿಯ ಬೆಂಕಿ ವಿಮೆಯ ಕಾಗದ ತೆಗೆದು, ಬಿರುಗಾಳಿ ಮತ್ತು ಪ್ರವಾಹದ ನಷ್ಟವೂ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ. ಸರಕಿನ ಕೆಳಗಿನ ಸಾಲನ್ನು ನೆಲದಿಂದ ಒಂದು ಅಡಿ ಮೇಲೆ ಹಲಗೆ ಹಾಕಿ ಇಡಿ.

ಕೊನೆಯದಾಗಿ ಹಿರಿಯರಲ್ಲಿ ಒಂದು ಅರಿಕೆ. ಮನೆಯ ಮಗನೋ ಅಳಿಯನೋ ದಾರಿಯಿಂದ ಫೋನು ಮಾಡಿ "ಇಂದು ಬೇಡ" ಎಂದರೆ, ಅದನ್ನು ಹೇಡಿತನ ಎನ್ನಬೇಡಿ. ಖಾತೆಯ ದಿನವನ್ನು ಹೊಡೆದು ಇನ್ನೊಂದು ದಿನ ಬರೆಯಬಹುದು. ನಮ್ಮ ಆ ವರ್ಷದ ಖಾತೆಯಲ್ಲಿ ಡಿಸೆಂಬರ್ 2ರ ಸಾಲು ಹಾಗೆ ಹೊಡೆದೇ ಇದೆ. ಯಾರಾದರೂ ಕೇಳಿದರೆ ತೆಗೆದು ತೋರಿಸುತ್ತೇವೆ.

ಮುಂದಿನ ತಿಂಗಳು ಮತ್ತೆ ಕಟ್ಟೆಯ ಮೇಲೆ ಕೂಡೋಣ. ಎಲ್ಲರಿಗೂ ಶುಭವಾಗಲಿ.