ಸುಣ್ಣ ಬಳಿಯುವ ಮುನ್ನ

ಪಾಲಕ ಸಂತರ ಹಬ್ಬ ಸಮೀಪಿಸಿತೆಂದರೆ ದೇವಾಲಯಕ್ಕೆ ಬಣ್ಣ ಬಳಿಸುವ ಮಾತು ಏಳುವುದು ಸಹಜ. ಅದು ಭಕ್ತಿಯ ಕಾರ್ಯವೇ ಸರಿ. ಆದರೆ ಹಿರಿಯರು ಬರೆಸಿದ ಹೂಬಳ್ಳಿ, ನಕ್ಷತ್ರ, ದೇವದೂತರ ಮುಖಗಳು ಒಂದೇ ದಿನದಲ್ಲಿ ಹೊಸ ಬಣ್ಣದಡಿ ಮರೆಯಾದರೆ, ಅವು ಹೇಗಿದ್ದವೆಂದು ನಮ್ಮ ಮಕ್ಕಳಿಗೆ ತೋರಿಸುವವರು ಯಾರು?

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನೋಡಿದವರಿಗೆ ಈ ಪ್ರಶ್ನೆಯ ತೂಕ ತಿಳಿದೀತು. ಇಟಲಿಯ ಬೆರ್ಗಾಮೊ ಬಳಿಯ ಸ್ಟೆಜ್ಜಾನೊದಲ್ಲಿ 1854ರಲ್ಲಿ ಜನಿಸಿದ ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೆನಿಯವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಗೋಡೆಗಳ ಹಸಿ ಗಾರೆಯ ಮೇಲೆ ಚಿತ್ರ ಬರೆದರು. ಛಾವಣಿಗೆ ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದರು. ಕರಾವಳಿಯ ತೇವದಿಂದ ಕಳೆಗುಂದಿದ ಆ ಚಿತ್ರಗಳಿಗೆ 1990ರ ದಶಕದಲ್ಲಿ ಇಂಟಾಕ್ ಸಂಸ್ಥೆಯ ತಜ್ಞರು ಮರುಜೀವ ನೀಡಿದರು. ಎಲ್ಲ ಹಳ್ಳಿಯ ದೇವಾಲಯಗಳಿಗೂ ಇಂತಹ ಭಾಗ್ಯವಿಲ್ಲ.

ಭಾಗ್ಯವಿಲ್ಲದೆಡೆ ಏನು ಮಾಡಬಹುದೆಂಬುದನ್ನು ಅಮೆರಿಕದ ಒಂದು ಪ್ರಯತ್ನ ತೋರಿಸಿಕೊಟ್ಟಿದೆ. ಅಲ್ಲಿ ಆರ್ಥಿಕ ಮುಗ್ಗಟ್ಟಿನಿಂದ ಕಲಾವಿದರು ಕೆಲಸವಿಲ್ಲದೆ ಕುಳಿತಿದ್ದ 1935ರಲ್ಲಿ ಸರಕಾರವು ‘ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್’ ಎಂಬ ಯೋಜನೆಯನ್ನು ಕೈಗೊಂಡಿತು. 1942ರವರೆಗೆ ನೂರಾರು ಕಲಾವಿದರು ದೇಶದ ಹಳೆಯ ಕರಕುಶಲ ವಸ್ತುಗಳನ್ನೂ ಅಲಂಕಾರಗಳನ್ನೂ ನೋಡಿ ಜಲವರ್ಣದಲ್ಲಿ ಚಿತ್ರಿಸಿದರು. ಸುಮಾರು 18,000 ಚಿತ್ರಗಳು ಇಂದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ. ಕ್ಯಾಲಿಫೋರ್ನಿಯದ ಕಥೋಲಿಕ ಮಿಷನ್‌ಗಳ ಗೋಡೆಯ ಅಲಂಕಾರಗಳೂ ಅವುಗಳಲ್ಲಿ ಸೇರಿವೆ. ಅಂತಹ ಮಿಷನ್‌ಗಳಲ್ಲೊಂದಾದ ಸ್ಯಾನ್ ಫರ್ನಾಂಡೊದ ದೇವಾಲಯ 1971ರ ಭೂಕಂಪದಲ್ಲಿ ಜಖಂಗೊಂಡು, ಅದನ್ನು ಕೆಡವಿ ಮತ್ತೆ ಕಟ್ಟಬೇಕಾಯಿತು. ಕಾಗದದ ಮೇಲಿನ ಚಿತ್ರಗಳು ಮಾತ್ರ ಉಳಿದಿವೆ.

ಕಿಸೆಯಲ್ಲಿ ಮೊಬೈಲ್ ಇರುವಾಗ ಕುಂಚವೇಕೆ ಎಂದು ಕೇಳುವವರುಂಟು. ಛಾಯಾಚಿತ್ರವೂ ಬೇಕು. ಆದರೆ ಅದು ಬಿರುಕನ್ನೂ ನೆರಳನ್ನೂ ಬಳ್ಳಿಯೊಡನೆ ಒಂದೇ ಸಮನೆ ಹಿಡಿಯುತ್ತದೆ. ಚಿತ್ರ ಬರೆಯುವವನಾದರೋ ಗಂಟೆಗಟ್ಟಲೆ ಗೋಡೆಯ ಮುಂದೆ ಕುಳಿತು, ಮಾಸಿದ ಗೆರೆ ಎಲ್ಲಿಗೆ ಸಾಗಿತ್ತೆಂದು ಹುಡುಕುತ್ತಾನೆ. ಅಷ್ಟು ಹೊತ್ತು ನೋಡಿದ್ದನ್ನು ಯಾರೂ ಸುಲಭವಾಗಿ ಅಳಿಸಲಾರರು.

ಆರ್.ಟಿ. ನಗರದಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಮೂಲ ಬೇರೆ ಊರುಗಳಲ್ಲಿದೆ. ಮುಂದಿನ ರಜೆಯಲ್ಲಿ ಅಜ್ಜ ಅಜ್ಜಿಯರ ಊರಿಗೆ ಹೊರಟಾಗ ಮಕ್ಕಳ ಚೀಲದಲ್ಲಿ ಒಂದು ಬಣ್ಣದ ಪೆಟ್ಟಿಗೆಯೂ ಇರಲಿ. ಗುರುಗಳ ಅಪ್ಪಣೆ ಪಡೆದು, ಅಲ್ಲಿಯ ದೇವಾಲಯದ ಒಂದು ಅಂಚನ್ನಾದರೂ ಅವರು ಬರೆಯಲಿ. ಯಾವ ಗೋಡೆ, ಎಷ್ಟು ಅಗಲ, ಯಾವ ದಿನಾಂಕ ಎಂಬುದನ್ನು ಕೆಳಗೆ ನಮೂದಿಸಲಿ. ನಮ್ಮ ಧರ್ಮಕೇಂದ್ರಗಳಲ್ಲಿ ಜ್ಞಾನಸ್ನಾನ, ವಿವಾಹಗಳ ದಾಖಲೆ ಪುಸ್ತಕಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದೇವೆ. ಆ ಕಪಾಟಿನಲ್ಲಿ ಗೋಡೆಯ ನೆನಪಿಗೂ ಒಂದಿಷ್ಟು ಸ್ಥಳ ದೊರೆಯಲಿ ಎಂಬುದೇ ನಮ್ಮ ಬಿನ್ನಹ.