ದಕ್ಷಿಣದ ಬಾಗಿಲು ಮುಚ್ಚಬೇಕಂತೆ

ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನನ್ನ ತಂಗಿ ಮನೆ ಇರೋದು ಹೊಸನಗರ ತಾಲ್ಲೂಕಲ್ಲಿ. ಅವಳ ಮಗಳು ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡ್ತಾಳೆ. ಆಸ್ಪತ್ರೆ ಬಿಲ್ಲುಗಳನ್ನ ಪರಿಶೀಲಿಸೋ ಕೆಲಸ. ನಮ್ಮ ಕೇರಿಯಲ್ಲಿ ಮನೇಲಿ ಮೇಜು ಹಾಕ್ಕೊಂಡು ಕೂತು ಸಂಬಳ ಎಣಿಸಿದ ಮೊದಲ ಹೆಣ್ಣುಮಗಳು. ಅವಳಜ್ಜಿ, ಅಂದ್ರೆ ನಮ್ಮವ್ವ, ಕೂತು ದುಡಿದದ್ದು ಅಂದ್ರೆ ಮೆಟ್ಟುಗತ್ತಿ ಮುಂದೆ ಮಾತ್ರ. ಅಡಿಕೆ ಸುಲಿಯೋಕೆ ಹೋದ ಮನೆಗಳಲ್ಲಿ ಅವ್ವನ ಜಾಗ ಅಂಗಳದ ಒಂದು ಮೂಲೆ. ಜಗಲಿ ಹತ್ತಿದವಳಲ್ಲ.

ಹೋದ ವರ್ಷ ಹುಡುಗಿಗೆ ಕೆಲಸ ಕೈಗೆ ಹತ್ತದಂಗಾಯ್ತು. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಮೀಟಿಂಗ್ ನಡುವೆ ಕಾಲ್ ಕಟ್ಟಾಗೋದು, ಬಿಲ್ಲಲ್ಲಿ ತಪ್ಪು, ಮೇಲಿನವರಿಂದ ಬೈಗುಳ. ಯಾರೋ ಗೆಳತಿ ಒಂದು ವಿಡಿಯೋ ಕಳಿಸಿದ್ದಾಳೆ. ಮನೆಯ ಆಫೀಸನ್ನ ಫೆಂಗ್‌ಶುಯಿ ಪ್ರಕಾರ ಜೋಡಿಸಿದ್ರೆ ಮನಸ್ಸು ಶಾಂತ ಆಗುತ್ತೆ, ಕೆಲಸ ಓಡುತ್ತೆ ಅಂತ. ಅದರ ಬಾಲ ಹಿಡಕೊಂಡು ಹೋದ್ರೆ 'ವಾಸ್ತು ಮತ್ತು ಫೆಂಗ್‌ಶುಯಿ' ಎರಡೂ ನೋಡೋ ಒಬ್ಬ ಸಲಹೆಗಾರ ಸಿಕ್ಕಿದ್ದಾನೆ. ಐದು ಸಾವಿರ ಫೀಸು.

ಕಾರಲ್ಲಿ ಬಂದ. ಅಂಗಳದಲ್ಲಿ ನಿಂತು ಮೊಬೈಲಲ್ಲಿ ದಿಕ್ಸೂಚಿ ತೆಗೆದ. ಒಳಗೆ ಬನ್ನಿ ಅಂದ್ರೆ "ಚಪ್ಪಲಿ ಕೆಸರಾಗಿದೆ, ನೀವೇ ಒಳಗಿಂದ ವಿಡಿಯೋ ತೋರಿಸಿ" ಅಂದ. ನೀರು ಕೊಟ್ರೆ "ಬೇಡ, ಕಾರಲ್ಲಿ ಬಾಟ್ಲಿ ಇದೆ" ಅಂದ. ಕೆಸರು ನಿಜವಾಗಿ ಇತ್ತು, ಮಳೆಗಾಲ. ಚಪ್ಪಲಿ ಬಿಚ್ಚಿಟ್ಟು ಬರೋದಕ್ಕೆ ಏನಡ್ಡಿ ಇತ್ತು ಅಂತ ನೀವೂ ಕೇಳ್ತೀರಿ, ನಾನೂ ಕೇಳಿದೆ. ಉತ್ತರ ನಮಗೆಲ್ಲ ಗೊತ್ತಿರೋದೇ.

ಹೊಸ್ತಿಲು ದಾಟದೆ ಹೊಸ್ತಿಲೊಳಗಿನ ದೋಷ ಹೇಳಿದ. ಬಾಗಿಲು ದಕ್ಷಿಣಕ್ಕಿದೆ, ಅದು ಯಮನ ದಿಕ್ಕು, ಮುಚ್ಚಬೇಕು. ಈಶಾನ್ಯದಲ್ಲಿ ಗೋಡೆ ಒಡೆದು ಹೊಸ ಬಾಗಿಲು ಇಡಬೇಕು. ಮೇಜು ಉತ್ತರಕ್ಕೆ ಮುಖ. ಮೇಜಿನ ಮೇಲೆ ನಗೋ ಬುದ್ಧ, ಪಕ್ಕದಲ್ಲಿ ಬಿದಿರು ಗಿಡ, ಒಂದು ಪುಟ್ಟ ಕಾರಂಜಿ. ಗಾರೆ ಕೆಲಸ ಸೇರಿ ಅರವತ್ತೈದು ಸಾವಿರದ ಅಂದಾಜು. ತಂಗಿ ಸಂಘದಲ್ಲಿ ಸಾಲಕ್ಕೆ ಹೆಸರು ಬರೆಸಿ ಆಗಿತ್ತು. ಆಮೇಲೆ ನನಗೆ ಫೋನು. "ಅಣ್ಣ, ನೀ ಇದನ್ನೆಲ್ಲ ನಂಬಲ್ಲ, ಗೊತ್ತು. ಆದ್ರೂ ಒಂದ್ಸಲ ಬಂದು ನೋಡ್ಕೊಂಡ್ ಹೋಗು."

ಸಾಗರದಿಂದ ಬಸ್ ಹತ್ತಿ ಹೋದೆ. ಮನೆ ಹಿಂದೆ ಹೋಗಿ ನೋಡ್ತೀನಿ, ಅವನು ಬಾಗಿಲು ಇಡಿ ಅಂದ ಜಾಗಕ್ಕೆ ನಾಲ್ಕು ಅಡಿ ದೂರದಲ್ಲಿ ಧರೆ. ಬಯಲುಸೀಮೆಯ ಗೆಳೆಯರಿಗೆ ಹೇಳ್ತೀನಿ: ನಮ್ಮಲ್ಲಿ ಗುಡ್ಡ ಕಡಿದು ಮನೆ ತಳ ಮಾಡ್ತಾರೆ. ಕಡಿದ ಮೇಲೆ ನಿಂತುಕೊಳ್ಳೋ ಮಣ್ಣಿನ ಗೋಡೆಗೆ ಧರೆ ಅಂತಾರೆ. ಹುಲಿಕಲ್ಲು, ಆಗುಂಬೆ ಸುತ್ತಿನ ಮಳೆ ಎಂಥದ್ದು ಅಂತ ಬಿಡಿಸಿ ಹೇಳೋದು ಬೇಡ. ಜುಲೈ ತಿಂಗಳಲ್ಲಿ ಧರೆ ನೀರು ಕುಡಿದು ಭಾರ ಆಗಿ ಜಾರುತ್ತೆ. ಈ ಧರೆಯೂ ಹಿಂದಿನ ಮಳೆಗಾಲದಲ್ಲಿ ಎರಡು ಬುಟ್ಟಿ ಮಣ್ಣು ಉದುರಿಸಿತ್ತು. ತಂಗಿ ಅದಕ್ಕೆ ನೀಲಿ ತಾಡಪಾಲು ಹೊದಿಸಿ, ಮೇಲೆ ಅಡಿಕೆ ಸೋಗೆ ಹೇರಿದ್ದಾಳೆ. ಆ ಕಡೆಯ ಗೋಡೆ ಒಡೆದು ಬಾಗಿಲು ಮಾಡೋದು ಅಂದ್ರೆ ಮಣ್ಣಿಗೆ ಮನೆಯೊಳಗೆ ದಾರಿ ಮಾಡಿಕೊಟ್ಟಂಗೆ. ಅಂಗಳದಲ್ಲಿ ನಿಂತವನಿಗೆ ಹಿತ್ತಲ ಧರೆ ಹೆಂಗೆ ಕಾಣಬೇಕು ಮಾರಾಯ್ರೆ?

ಇನ್ನೊಂದು ತಮಾಷೆ ಇದೆ. ಫೆಂಗ್‌ಶುಯಿ ಅಂದ್ರೆ ಗಾಳಿ ಮತ್ತು ನೀರು. ಆ ಚೀನೀ ಪದ್ಧತಿಯಲ್ಲಿ ಒಳ್ಳೆ ಮನೆ ಅಂದ್ರೆ ಬೆನ್ನಿಗೆ ಗುಡ್ಡ, ಎದುರಿಗೆ ನೀರು, ಬಾಗಿಲು ದಕ್ಷಿಣಕ್ಕೆ. ಬೀಜಿಂಗಿನ ಅರಮನೆಯೇ ದಕ್ಷಿಣಕ್ಕೆ ಮುಖ ಮಾಡಿ ಕೂತಿದೆ. ಉತ್ತರದ ಚಳಿಗಾಳಿ ತಪ್ಪಿಸಿಕೊಂಡು ಬಿಸಿಲು ಹಿಡಿಯೋಕೆ ಆ ದೇಶದವರು ಮಾಡ್ಕೊಂಡ ಏರ್ಪಾಡು. ಆ ಲೆಕ್ಕದಲ್ಲಿ ನನ್ನ ತಂಗಿ ಮನೆಗೆ ನೂರಕ್ಕೆ ನೂರು: ಉತ್ತರಕ್ಕೆ ಗುಡ್ಡ, ದಕ್ಷಿಣಕ್ಕೆ ಬಾಗಿಲು, ಬಾಗಿಲ ಮುಂದೆ ಇಳಿಜಾರಿನಲ್ಲಿ ಹಳ್ಳ! ವಾಸ್ತು ಪ್ರಕಾರ ಅದೇ ಮನೆ ನಪಾಸು. ಒಂದೇ ಕಾರಲ್ಲಿ ಎರಡೂ ಶಾಸ್ತ್ರ ಹೇರಿಕೊಂಡು ಬಂದವನು ಎರಡಕ್ಕೂ ಸೇರಿಸಿ ಒಂದೇ ಬಿಲ್ಲು ಬರೆದ.

ಆ ನಗೋ ಬುದ್ಧನ ವಿಷಯಾನೂ ಹೇಳಿಬಿಡ್ತೀನಿ. ಹೊಟ್ಟೆ ಬಿಟ್ಕೊಂಡು ಚೀಲ ಹೊತ್ತವನು ನಮ್ಮ ಗೌತಮ ಬುದ್ಧ ಅಲ್ಲ. ಸುಮಾರು ಸಾವಿರ ವರ್ಷದ ಹಿಂದೆ ಚೀನಾದಲ್ಲಿದ್ದ ಬುಡೈ ಅನ್ನೋ ಭಿಕ್ಷು. 1956ರ ಅಕ್ಟೋಬರ್ 14ಕ್ಕೆ ನಾಗಪುರದಲ್ಲಿ ಬಾಬಾಸಾಹೇಬರು ಶರಣು ಹೋದದ್ದು ಇವನಿಗಲ್ಲ. ನಮ್ಮವರ ಎಷ್ಟೋ ಮನೆಯಲ್ಲಿ ಅಂಬೇಡ್ಕರ್ ಫೋಟೋ ಪಕ್ಕ ಇವನು ದುಡ್ಡು ತರ್ತಾನೆ ಅಂತ ಕೂತಿದ್ದಾನೆ. ನಗಬೇಡಿ, ನಾನೂ ಒಂದು ಕಾಲದಲ್ಲಿ ಜಾತ್ರೆಯಿಂದ ತಂದಿಟ್ಟುಕೊಂಡವನೇ.

ಇಷ್ಟೆಲ್ಲ ಹೇಳಿ ಜೋರಾಗಿ ಭಾಷಣ ಬಿಗಿದೆ. ಹುಡುಗಿ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಅಂದಳು: "ಮಾವ, ನೀ ಬೈಯೋದು ಸರಿ. ನನ್ನ ತಲೆನೋವಿಗೆ ನಿನ್ನ ಹತ್ರ ಎಂತ ಇದೆ? ಅವನು ಅಂಗಳದಲ್ಲೇ ನಿಂತಿರಬಹುದು. ಆದ್ರೆ ಎಷ್ಟೊತ್ತಿಗೆ ಕೆಲಸ, ಎಲ್ಲಿ ಕೂರ್ತೀಯ, ನಿದ್ದೆ ಬರುತ್ತಾ ಅಂತ ಅರ್ಧ ಗಂಟೆ ಕೇಳಿದ. ನೀ ಒಂದಿನಾನೂ ಕೇಳಿಲ್ಲ."

ನಿಜ ಹೇಳ್ತೀನಿ, ಬಾಯಿ ಕಟ್ಟಿಹೋಯ್ತು. ಚಳವಳಿಯಲ್ಲಿ ಮೂವತ್ತು ವರ್ಷ ಇದ್ದೀನಿ. ಕಾರ್ಯಕರ್ತರ ಮಕ್ಕಳು ಮನೇಲಿ ಯಾವ ಮೂಲೆಯಲ್ಲಿ ಕೂತು ಓದ್ತಾರೆ ಅಂತ ನಾವು ಯಾವ ಸಭೆಯಲ್ಲಿ ಮಾತಾಡಿದ್ದೀವಿ?

ಆವತ್ತು ಅಲ್ಲೇ ಉಳಿದು ಅವಳ ಕೋಣೆ ನೋಡಿದೆ. ಕೋಣೆ ಅಂದ್ರೆ ನಡುಮನೆಯ ಅರ್ಧ. ಇರೋದೊಂದೇ ಕಿಟಕಿ, ದಕ್ಷಿಣಕ್ಕೆ, ಬಾಗಿಲ ಪಕ್ಕ. ಅವನ ಮಾತು ಕೇಳಿ ಮೇಜನ್ನ ಉತ್ತರಕ್ಕೆ ತಿರುಗಿಸಿ ಆಗಿತ್ತು. ಕಿಟಕಿ ಬೆನ್ನಿಗೆ ಬಂದು ಬೆಳಕೆಲ್ಲ ಪರದೆ ಮೇಲೆ ಬಿದ್ದು ಅಕ್ಷರ ಕಾಣ್ತಿರಲಿಲ್ಲ. ಮೀಟಿಂಗಲ್ಲಿ ಅವಳ ಮುಖ ಕಪ್ಪು ನೆರಳು. ಬೆನ್ನ ಹಿಂದೆಯೇ ಓಡಾಡೋ ದಾರಿ, ಯಾರು ಹೋದ್ರೂ ತಿರುಗಿ ನೋಡಬೇಕು. ಇನ್ನು ನೆಟ್‌ವರ್ಕು! ಉತ್ತರಕ್ಕೆ ಗುಡ್ಡ ಅಡ್ಡ, ಸಿಗ್ನಲ್ ಬರೋದು ದಕ್ಷಿಣದ ಕಿಟಕಿಯಿಂದಲೇ. ಟವರು ಯಮನ ದಿಕ್ಕಲ್ಲಿದೆ.

ಮಾಡಿದ್ದು ಇಷ್ಟೇ. ಮೇಜನ್ನ ಕಿಟಕಿಗೆ ಅಡ್ಡವಾಗಿ, ಬೆಳಕು ಎಡಗಡೆಯಿಂದ ಬೀಳೋ ಹಂಗೆ ಇಟ್ಟೆವು. ಬೆನ್ನಿಗೆ ಗೋಡೆ, ಬಾಗಿಲು ಕಣ್ಣಳತೆಯಲ್ಲಿ. ಮೇಜು ಹಂಗೇ ಇರಬೇಕು ಅಂತ ಫೆಂಗ್‌ಶುಯಿ ಕೂಡ ಹೇಳುತ್ತೆ, ಸರಿ ಇದ್ದದ್ದನ್ನ ಸರಿ ಅನ್ನೋಣ. ಬೆನ್ನ ಹಿಂದೆ ಯಾರೂ ಸುಳಿಯದಿದ್ರೆ ಮನುಷ್ಯನಿಗೆ ನೆಮ್ಮದಿ, ಅದಕ್ಕೆ ಚೀನಾದ ದೇವರೂ ಬೇಡ, ಇಲ್ಲಿಯ ದೇವರೂ ಬೇಡ. ಮೇಜಿನ ಕೆಳಗಿದ್ದ ಅಕ್ಕಿ ಚೀಲ ಅಡುಗೆಮನೆಗೆ ಹೋಯ್ತು. ಹಳೇ ಸೀರೆಯದ್ದೊಂದು ಪರದೆ. ಕರೆಂಟು ಹೋದ್ರೂ ನಾಲ್ಕು ಗಂಟೆ ನಡೆಯೋ ರೂಟರ್ ಬ್ಯಾಟರಿ, ಹೆಂಚಿನ ಮೇಲೆ ಮಳೆ ಹೊಡೆಯುವಾಗಲೂ ಕೇಳಿಸೋ ಒಂದು ಹೆಡ್‌ಫೋನು. ಒಟ್ಟು ಮೂರು ಸಾವಿರದ ಇನ್ನೂರು ರೂಪಾಯಿ. ಜೊತೆಗೆ ಒಂದು ಕಾನೂನು: ಅವಳ ಡ್ಯೂಟಿ ಹೊತ್ತಲ್ಲಿ ಯಾರೂ ಚಾ ಮಾಡು ಅನ್ನಕೂಡದು. ಎಲ್ಲಕ್ಕಿಂತ ಕಷ್ಟ ಆಗಿದ್ದು ಇದೇ. ಅವಳಣ್ಣ ಇವತ್ತಿಗೂ ಮುಖ ಊದಿಸಿಕೊಂಡಿದ್ದಾನೆ.

ಅಷ್ಟಕ್ಕೆ ಈ ಪೋಸ್ಟ್ ಬರೀತಿರಲಿಲ್ಲ. ಮನೆಗೆ ಬಂದು ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಾಸ್ತುವಿದ್ಯೆಯ ಅಧ್ಯಾಯ ತೆಗೆದೆ. ಆರನೇ ಶತಮಾನದ ಗ್ರಂಥ, ವಾಸ್ತುವಿನವರೆಲ್ಲ ಹೆಸರು ಹೇಳೋದು. ಅದರಲ್ಲಿ ಮನೆಯ ಅಗಲಕ್ಕೂ ಜಾತಿ ಇದೆ. ಬ್ರಾಹ್ಮಣನಿಗೆ 32 ಹಸ್ತದಿಂದ ಶುರು, ಕ್ಷತ್ರಿಯನಿಗೆ 28, ವೈಶ್ಯನಿಗೆ 24, ಶೂದ್ರನಿಗೆ 20. ನಾಲ್ಕು ನಾಲ್ಕು ಹಸ್ತ ಇಳೀತಾ 16ಕ್ಕೆ ನಿಲ್ಲುತ್ತೆ. ತೀರಾ ಹೀನರಾದವರಿಗೆ ಅದಕ್ಕಿಂತಲೂ ಕಡಿಮೆ ಅಂತ ಹೇಳಿ ಮುಗಿಸ್ತಾನೆ. ಮಣ್ಣಿನ ಬಣ್ಣಕ್ಕೂ ವರ್ಣ, ವಾಸನೆಗೂ ವರ್ಣ. ಬಿಳಿ ಮಣ್ಣು ಅವರಿಗೆ, ಕಪ್ಪು ಮಣ್ಣು ಶೂದ್ರರಿಗೆ.

ಹಸ್ತ ಅಂದ್ರೆ ಒಂದು ಮೊಳ, ಒಂದೂವರೆ ಅಡಿ. 16 ಹಸ್ತ ಅಂದ್ರೆ 24 ಅಡಿ. ನನ್ನ ತಂಗಿಗೆ ಸರ್ಕಾರದಿಂದ ಸಿಕ್ಕ ಸೈಟು 20×30. ಅಗಲ 20 ಅಡಿ. ವರಾಹಮಿಹಿರ 'ಹೀನರಿಗೆ' ಅಂತ ಇಟ್ಟ ಗೆರೆಗಿಂತ ನಾಲ್ಕು ಅಡಿ ಒಳಗೇ ನಮ್ಮ ಮನೆ ಇದೆ. ಆಶ್ರಯ ಸೈಟಿನ ಅಳತೆ ಹಿಡಿದ ಇಂಜಿನಿಯರು ಆ ಪುಸ್ತಕ ಓದಿರಲಿಕ್ಕಿಲ್ಲ. ಓದೋ ಅಗತ್ಯವೂ ಬೀಳಲಿಲ್ಲ. ಕೌಟಿಲ್ಯ ಚಂಡಾಲರನ್ನ ಸ್ಮಶಾನದ ಅಂಚಿಗೆ ಇಟ್ಟ, ಮನು ಊರ ಹೊರಗೆ ಇಟ್ಟ. ನಮ್ಮ ಕಡೆ ತೋಟದ ಜಾಗ ಒಡೆಯರಿಗೆ, ಧರೆ ಕಡಿದ ಗುಡ್ಡದ ಬದಿ ಆಳುಗಳಿಗೆ. ಆ ಧರೆ ಬುಡದಲ್ಲಿ ಕೂತವಳಿಗೆ ಈಗ ಬಂದು 'ನಿನ್ನ ಈಶಾನ್ಯ ಎತ್ತರ ಆಯ್ತು, ಅದಕ್ಕೇ ನಿನಗೆ ನೆಮ್ಮದಿ ಇಲ್ಲ' ಅಂತ ಐದು ಸಾವಿರ ಇಸ್ಕೊಂಡ್ರೆ ಇದಕ್ಕೆ ಏನನ್ನೋದು?

ಆಫೀಸಿನ ಏರ್ಪಾಡು ಅಂದಾಗ ನನಗೆ ನೆನಪಾಗೋದು ಬರೋಡಾ. 1917ರಲ್ಲಿ ಬಾಬಾಸಾಹೇಬರು ವಿದೇಶದಲ್ಲಿ ಓದಿ ಬಂದು ಅಲ್ಲಿ ದೊಡ್ಡ ಹುದ್ದೆಗೆ ಸೇರಿದ್ರು. ಅವರ ಮೇಜು ಯಾವ ದಿಕ್ಕಿಗಿತ್ತೋ ಯಾರೂ ಬರೆದಿಲ್ಲ. ಜವಾನ ಫೈಲುಗಳನ್ನ ದೂರದಿಂದ ಮೇಜಿಗೆ ಎಸೀತಿದ್ದ ಅನ್ನೋದನ್ನ ಬರೆದಿದ್ದಾರೆ. ಇರೋಕೆ ಮನೆ ಸಿಗದೆ ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿ ಇದ್ರು, ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದ್ರು. ಅದೇ ಮನುಷ್ಯ ಮುಂದೆ 1930ರ ದಶಕದಲ್ಲಿ ಬೊಂಬಾಯಿಯ ದಾದರಿನಲ್ಲಿ ರಾಜಗೃಹ ಕಟ್ಟಿಸಿದ್ರು, ಪುಸ್ತಕಗಳಿಗೆ ಜಾಗ ಬೇಕು ಅಂತಲೇ. ಪರೇಲಿನ ಚಾಳಿನ ಒಂದೇ ಕೋಣೆಯಲ್ಲಿ, ಅಪ್ಪ ನಡುರಾತ್ರಿ ಎಬ್ಬಿಸಿ ಕೂರಿಸಿ ಓದಿಸಿದ ಹುಡುಗನಿಗೆ ಕೂತು ಓದೋ ಜಾಗದ ಬೆಲೆ ಗೊತ್ತಿತ್ತು.

ನಮ್ಮ ಪೇಟೆಗಳ ಬಗ್ಗೆ ಒಂದು ಮಾತು. ಸಾಗರದಲ್ಲಿ ನಾನು ಬಾಡಿಗೆ ಮನೆ ಹುಡುಕುವಾಗ ಒಬ್ಬ ಯಜಮಾನರು ಎಲ್ಲ ಮಾತಾಡಿ, ಊರು ಕೇಳಿ, ಅಪ್ಪನ ಹೆಸರು ಕೇಳಿ, ಕೊನೆಗೆ "ಈ ಮನೆ ವಾಸ್ತು ನಿಮಗೆ ಆಗಿಬರಲ್ಲ, ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ" ಅಂದ್ರು. ತೀರ್ಥಹಳ್ಳಿಯ ಒಬ್ಬ ಗೆಳೆಯ, ಕಾಲೇಜು ಮೇಷ್ಟ್ರು, ಅವನಿಗೂ ಹೆಚ್ಚುಕಡಿಮೆ ಇದೇ ಮಾತು ಎರಡು ಮನೆಯಲ್ಲಿ. ಮೊದಲು ಜಾತಿ ಕೇಳಿ ಬಾಗಿಲು ಹಾಕ್ತಿದ್ರು, ಈಗ ಅದಕ್ಕೆ ಕೇಸು ಬೀಳುತ್ತೆ ನೋಡಿ. ವಾಸ್ತು ಹೇಳಿದ್ರೆ ಯಾವ ಠಾಣೆಯಲ್ಲಿ ದೂರು ಕೊಡ್ತೀರಿ? ಅದೂ ಕುವೆಂಪು ಬೆಳೆದ ತಾಲ್ಲೂಕು. ಭಾನುವಾರ ಕುಪ್ಪಳಿಯ ಕವಿಮನೆ ನೋಡಿ, ಮಂತ್ರಮಾಂಗಲ್ಯದ ಬಗ್ಗೆ ಮಾತಾಡಿ, ಬರ್ತಾ ಪೇಟೆಯಲ್ಲಿ ವಾಸ್ತು ಪಿರಮಿಡ್ ಕೊಂಡು ಬರೋರು ನಮ್ಮಲ್ಲೇ ಇದ್ದಾರೆ.

ಸರ್ಕಾರದ್ದೂ ಅರ್ಧ ಬಾಗಿಲು. 2023ರ ಜೂನ್‌ನಲ್ಲಿ ಸಿದ್ದರಾಮಯ್ಯನವರು ವಿಧಾನಸೌಧದ ಮುಖ್ಯಮಂತ್ರಿ ಕಚೇರಿಯಲ್ಲಿ ವಾಸ್ತು ಅಂತ ಮುಚ್ಚಿದ್ದ ದಕ್ಷಿಣದ ಬಾಗಿಲನ್ನ ತೆಗೆಸಿ ಅದರಲ್ಲೇ ಒಳಗೆ ಹೋದ್ರು. ಆವತ್ತು ನಾವೆಲ್ಲ ಆ ವಿಡಿಯೋ ಹಂಚಿದ್ವಿ. ಅವರ ಮೊದಲ ಸರ್ಕಾರ 2017ರಲ್ಲಿ ತಂದ ಮೌಢ್ಯ ನಿಷೇಧ ಕಾನೂನಿನಲ್ಲಿ, 2020ರ ಜನವರಿಯಲ್ಲಿ ಜಾರಿಗೆ ಬಂದದ್ದು, ಮಡೆಸ್ನಾನ ಸೇರಿತು. ವಾಸ್ತು, ಜ್ಯೋತಿಷ್ಯ ಹೊರಗೇ ಉಳಿದವು. ವಾಸ್ತು ನಂಬೋದನ್ನೇ ಅಪರಾಧ ಮಾಡಿ ಅಂತ ನಾನು ಕೇಳ್ತಿಲ್ಲ. ಗೋಡೆ ಒಡೆಸೋಕೆ ಸಲಹೆ ಕೊಟ್ಟು ದುಡ್ಡು ತಗೊಂಡವನು ಆ ಗೋಡೆ ಬಿದ್ರೆ ಹೊಣೆ ಹೊರಬೇಕು. ಇಷ್ಟಾದ್ರೂ ಬೇಡವಾ?

ಈಗ ತಂಗಿ ಮನೆಗೆ ಬೇಕಾಗಿರೋದು ಧರೆಗೊಂದು ತಡೆಗೋಡೆ. ಹಕ್ಕುಪತ್ರ ಇನ್ನೂ ತೀರಿಹೋದ ಅವಳ ಮಾವನ ಹೆಸರಲ್ಲೇ ಇದೆ, ಬ್ಯಾಂಕಿನವರು ಸಾಲ ಕೊಡಲ್ಲ. ಖಾತೆ ಬದಲಾವಣೆಗೆ ಅರ್ಜಿ ಹಾಕಿದ್ದೀವಿ, ತಡೆಗೋಡೆಗೆ ಪಂಚಾಯ್ತಿಗೂ ತಹಶೀಲ್ದಾರರಿಗೂ ಬರೆದಿದ್ದೀವಿ. ಅರ್ಜಿ ಟೈಪ್ ಮಾಡಿದ್ದು ಹುಡುಗಿಯೇ, ಅದೇ ಮೇಜಲ್ಲಿ ಕೂತು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ನಮ್ಮವರ ಯಾರ ಮನೆ ಹಿಂದೆ ಧರೆ ಹಿಂಗೆ ನಿಂತಿದೆಯೋ, ಫೋಟೋ ತೆಗೆದು, ಊರು, ಸರ್ವೆ ನಂಬರ್ ಸಮೇತ ಇನ್‌ಬಾಕ್ಸ್ ಮಾಡಿ. ಮೇ ತಿಂಗಳ ಒಳಗೆ ಎಲ್ಲ ಒಟ್ಟು ಮಾಡಿ ಶಿವಮೊಗ್ಗಕ್ಕೆ ಹೋಗಿ ಜಿಲ್ಲಾಧಿಕಾರಿಗಳ ಕೈಗೇ ಕೊಡಾಣ. ಫೋಟೋನ ಹಿತ್ತಲಿಗೆ ಹೋಗಿ ತೆಗೀರಿ, ಅಂಗಳದಲ್ಲಿ ನಿಂತರೆ ಕಾಣಲ್ಲ.