ಬರೆಯ ಕೆಳಗೆ ಮನೆಯುಳ್ಳವರಿಗೆ

ಮುಂಗಾರು ಕೇರಳಕ್ಕೆ ಕಾಲಿಡುವುದು ವಾಡಿಕೆಯಂತೆ ಜೂನ್ 1ರ ಹೊತ್ತಿಗೆ. ಅದಾದ ಕೆಲವೇ ದಿನಗಳಲ್ಲಿ ನಮ್ಮ ಕೊಡಗಿನಲ್ಲೂ ಮಳೆ ಹಿಡಿಯುತ್ತದೆ. ಈ ವೇಳೆಗೆ ರೈತ ಬಾಂಧವರು ಮರ ಕಪಾತು ಮುಗಿಸಿ, ಸೌದೆ ಒಳಗೆ ಹಾಕಿ, ಮೈಲುತುತ್ತ ಮತ್ತು ಸುಣ್ಣ ತಂದಿಟ್ಟು ಸಿದ್ಧರಾಗಿರುತ್ತಾರೆ. ತೋಟಕ್ಕೆ ಮಾಡಿದ ಸಿದ್ಧತೆಯ ಕಾಲುಭಾಗವನ್ನಾದರೂ ವಾಸದ ಮನೆಗೆ, ಲೈನ್ ಮನೆಗೆ ಮಾಡಿದ್ದೇವೆಯೇ ಎಂಬುದು ಪ್ರಶ್ನೆ. ಆದ್ದರಿಂದ ಈ ವಾರ ಕೊಳೆರೋಗದ ಮಾತನ್ನು ಬದಿಗಿಟ್ಟು, ಮನೆಯ ಹಿಂದಿನ ಬರೆಯ ಮಾತು ಹೇಳಬೇಕೆಂದಿದ್ದೇವೆ.

2018ರ ಆಗಸ್ಟ್ ನಡುವಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ ಕಡೆಯಲ್ಲಿ ಗುಡ್ಡಗಳು ಕುಸಿದು ಮನೆ, ತೋಟ, ಗದ್ದೆ ಒಟ್ಟಿಗೆ ಹೋದುದನ್ನು ಯಾರೂ ಮರೆತಿಲ್ಲ. ಮಡಿಕೇರಿ-ಸಂಪಾಜೆ ರಸ್ತೆಯೇ ಮುಚ್ಚಿಹೋಯಿತು. ಮರು ವರ್ಷ 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ ಗ್ರಾಮದಲ್ಲಿ ಮನೆಗಳು ಮಣ್ಣಿನಡಿ ಸೇರಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜಾರಿ ಅರ್ಚಕರ ಮನೆ, ಒಳಗಿದ್ದವರ ಸಮೇತ, ಇಲ್ಲವಾಯಿತು. ಬ್ರಹ್ಮಗಿರಿಯ ಆಚೆ ಬದಿಯ ವಯನಾಡಿನಲ್ಲಿ 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲ ಗ್ರಾಮಗಳಿಗೆ ಆದದ್ದೂ ಇದೇ. ಅಲ್ಲಿ ಸತ್ತವರು 200ಕ್ಕೂ ಹೆಚ್ಚು.

ನಮ್ಮ ಜಿಲ್ಲೆಯ ಮೂರು ದುರಂತಗಳೂ ಆಗಸ್ಟ್‌ನಲ್ಲೇ ಆದವು ಎಂಬುದನ್ನು ಗಮನಿಸಿರಿ. ಜೂನ್ ತಿಂಗಳ ಮೊದಲ ಬಿರುಮಳೆಗೆ ಹೆದರಿ ಎಚ್ಚರದಿಂದಿರುವ ನಾವು, ಜುಲೈ ಕಳೆದ ಮೇಲೆ "ಇಷ್ಟು ಮಳೆಗೆ ಏನೂ ಆಗಲಿಲ್ಲ, ಇನ್ನೇನಾದೀತು" ಎಂದು ನೆಮ್ಮದಿಯಾಗುತ್ತೇವೆ. ಮಣ್ಣಿನ ಲೆಕ್ಕ ಇದಕ್ಕೆ ತಿರುಗುಮುರುಗು. ಎರಡು ತಿಂಗಳು ನೀರು ಕುಡಿದ ಗುಡ್ಡಕ್ಕೆ ಕಕ್ಕಡದ ಕೊನೆಯಲ್ಲಿ ಬೀಳುವ ಮಳೆಯನ್ನು ಇಟ್ಟುಕೊಳ್ಳಲು ಜಾಗವೇ ಇರುವುದಿಲ್ಲ.

ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಸುಮಾರು 1 ಲಕ್ಷ ಲೀಟರ್ ನೀರು, ಅಂದರೆ 100 ಟನ್ ತೂಕ. ದಿನಕ್ಕೆ ಎಂಟು ಇಂಚು ಸುರಿದರೆ 800 ಟನ್. ಅದರಲ್ಲಿ ಹರಿದು ಹೋಗುವುದು ಹೋಗಲಿ, ಇಂಗಿದ್ದೆಲ್ಲ ಗುಡ್ಡದ ಮೇಲಿನ ಭಾರವೇ. ಭಾರ ಒಂದೇ ಅಲ್ಲ. ನಮ್ಮಲ್ಲಿ ಮೇಲೆ ಕೆಂಪು ಮಣ್ಣು, ಅದರಡಿ ಕೊಳೆತು ಪುಡಿಯಾದ ಕಲ್ಲು, ಅದರಡಿ ಗಟ್ಟಿ ಬಂಡೆ ಇರುತ್ತದೆ. ಇಳಿದ ನೀರು ಬಂಡೆಯ ಮೇಲೆ ನಿಂತು ಮಣ್ಣಿನ ಹಿಡಿತವನ್ನು ಸಡಿಲಿಸುತ್ತದೆ. ಕೆಳಗೆ ಬುಡ ಕಡಿದಿದ್ದರೆ ಮೇಲಿನದು ಜಾರುವುದಕ್ಕೆ ಬೇರೆ ಕಾರಣ ಬೇಕಿಲ್ಲ. 2018ರ ಅನಂತರ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಬೊಟ್ಟು ಮಾಡಿದ್ದೂ, ಮನೆಗೆ ಮತ್ತು ರಸ್ತೆಗೆಂದು ಗುಡ್ಡದ ಇಳಿಜಾರನ್ನು ಕಡಿದದ್ದರ ಕಡೆಗೇ.

ಹಿಂದೆ ಮನೆಗೆ ಜಾಗ ಮಟ್ಟ ಮಾಡುವಾಗ ಗುದ್ದಲಿ, ಹಾರೆ ಎಷ್ಟು ಕೆಲಸ ಮಾಡೀತೋ ಅಷ್ಟಕ್ಕೇ ನಿಲ್ಲುತ್ತಿತ್ತು. ಈಗ ಜೆಸಿಬಿ ಒಂದು ದಿನದಲ್ಲಿ ಇಪ್ಪತ್ತು ಅಡಿ ಬರೆಯನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದುಕೊಡುತ್ತದೆ. ಬಾಡಿಗೆ ಗಂಟೆ ಲೆಕ್ಕ. ಇಳಿಜಾರು ಬಿಟ್ಟು ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ ಎಂದರೆ ಗಂಟೆ ಹೆಚ್ಚಾಗುತ್ತದೆ ಎಂದು ನಾವೇ ಬೇಡವೆನ್ನುತ್ತೇವೆ. ಹೊಸದಾಗಿ ಮನೆ ಕಟ್ಟುವವರು ಬರೆಯ ಎತ್ತರ ಎಷ್ಟೋ ಅಷ್ಟು ದೂರವನ್ನಾದರೂ ಗೋಡೆಗೂ ಬರೆಗೂ ನಡುವೆ ಬಿಡತಕ್ಕದ್ದು. ತಡೆಗೋಡೆ ಕಟ್ಟಿಸಿದರೆ ನೀರು ಹೊರಬರಲು ಕಿಂಡಿಗಳಿರಬೇಕು. ಕಿಂಡಿಯಿಲ್ಲದ ತಡೆಗೋಡೆ ನೀರನ್ನು ಕಟ್ಟಿಹಾಕಿ ಕೊನೆಗೆ ತಾನೂ ಮಣ್ಣಿನೊಂದಿಗೆ ಬರುತ್ತದೆ.

ಈಗಾಗಲೇ ಬರೆಯ ಕೆಳಗೆ ಇರುವವರು ಮಾಡಬಹುದಾದ ಮುಖ್ಯ ಕೆಲಸ ನೀರನ್ನು ದೂರ ಸಾಗಿಸುವುದು. ಬರೆಯ ತಲೆಯಿಂದ ಕೆಲವು ಅಡಿ ಹಿಂದಕ್ಕೆ ಒಂದು ಅಡ್ಡ ಚರಂಡಿ ತೆಗೆದು, ಮೇಲಿನ ನೀರನ್ನು ಪಕ್ಕದ ಕೊಲ್ಲಿಗೆ ಹರಿಸಿರಿ. ಆ ಚರಂಡಿಯಲ್ಲಿ ನೀರು ನಿಲ್ಲಬಾರದು, ಹರಿಯಬೇಕು. ತಲೆಯ ಮೇಲೆ ಬಿರುಕು ಕಂಡರೆ ಜೇಡಿಮಣ್ಣು ತುಂಬಿ ಗಟ್ಟಿಯಾಗಿ ತುಳಿದು ಮೇಲೆ ಟಾರ್ಪಾಲು ಹೊದಿಸಿರಿ. ಬೋಳಾದ ಬರೆಗೆ ಮೊದಲ ಮಳೆಯಲ್ಲೇ ಲಾವಂಚ ನೆಡಬಹುದು, ಆದರೆ ಅದು ಬೇರೂರಿ ಮಣ್ಣು ಹಿಡಿಯಲು ಒಂದೆರಡು ವರ್ಷ ಬೇಕು. ಈ ವರ್ಷವೇ ಅದನ್ನು ನಂಬಿ ಮಲಗಬೇಡಿರಿ. ಬರೆಯ ಅಂಚಿನಲ್ಲೇ ನಿಂತ ಎತ್ತರದ ಸಿಲ್ವರ್ ಓಕ್ ಗಾಳಿಗೆ ತೊನೆದು ಮಣ್ಣನ್ನು ಸಡಿಲಿಸುತ್ತದೆ. ಅದರ ತಲೆ ತಗ್ಗಿಸಿರಿ, ಬೇರು ಇರಲಿ.

ಇಲ್ಲಿ ಇಂಗುಗುಂಡಿಯ ವಿಚಾರ ಸ್ಪಷ್ಟವಾಗಬೇಕು. ಕಾಫಿ ತೋಟದಲ್ಲಿ ಸಾಲುಗಳ ನಡುವೆ ತೊಟ್ಟಿಲು ಗುಂಡಿ ತೆಗೆಯಿರಿ, ಮಳೆನೀರು ಇಂಗಿಸಿರಿ ಎಂದು ಇಲಾಖೆಯವರೂ ಕಾಫಿ ಮಂಡಳಿಯವರೂ ಹೇಳುತ್ತಲೇ ಬಂದಿದ್ದಾರೆ. ಹದವಾದ ಇಳಿಜಾರಿನ ತೋಟಕ್ಕೆ ಅದು ಇಂದಿಗೂ ಒಳ್ಳೆಯ ಸಲಹೆ. ಆದರೆ ತೋಟಕ್ಕೆ ಹೇಳಿದ ಮಾತು ಮನೆಯ ನೆತ್ತಿಯ ಮೇಲಿನ ಕಡಿದಾದ ಗುಡ್ಡಕ್ಕೆ ಸಲ್ಲದು. ಅಲ್ಲಿ ಗುಂಡಿಯೆಂದರೆ ಗುಡ್ಡದೊಳಕ್ಕೆ ನೀರು ಬಿಡುವ ಬಾಯಿ. ಮನೆ, ಲೈನ್ ಅಥವಾ ರಸ್ತೆಯ ಮೇಲ್ಭಾಗದ ಕಡಿದಾದ ಜಾಗದಲ್ಲಿ ಗುಂಡಿಗಳಿದ್ದರೆ ಈಗಲೇ ಮುಚ್ಚಿ ತುಳಿಯಿರಿ. ಕೃಷಿ ಹೊಂಡಕ್ಕೂ ಇದೇ ಮಾತು. ಸಹಾಯಧನ ಸಿಗುತ್ತದೆಂದು ಗುಡ್ಡದ ನೆತ್ತಿಯಲ್ಲಿ ಕೆರೆ ತೋಡುವವರಿದ್ದಾರೆ. ಹೊಂಡದಿಂದ ಕೆಳಕ್ಕೆ ನೆಟ್ಟಗೆ ಯಾರ ಮನೆಯಿದೆ ಎಂದು ನೋಡದೆ ಅದಕ್ಕೆ ಕೈ ಹಾಕಬಾರದು.

ತೋಟದ ಮನೆಗಳಲ್ಲಿ ಮಳೆಮಾಪಕವಿದ್ದು ಇಂಚು, ಸೆಂಟ್ ಲೆಕ್ಕದಲ್ಲಿ ಮಳೆ ಬರೆದಿಡುವ ಒಳ್ಳೆಯ ಪದ್ಧತಿ ನಮ್ಮಲ್ಲಿದೆ. ಹೂಮಳೆಗಷ್ಟೇ ಅದನ್ನು ನೋಡಿದರೆ ಸಾಲದು. ಹವಾಮಾನ ಇಲಾಖೆ 24 ಗಂಟೆಯಲ್ಲಿ ಎರಡೂವರೆ ಇಂಚು ಮೀರಿದ್ದನ್ನು ಭಾರಿ ಮಳೆ, ನಾಲ್ಕೂವರೆ ಇಂಚು ಮೀರಿದ್ದನ್ನು ಅತಿ ಭಾರಿ, ಎಂಟು ಇಂಚು ಮೀರಿದ್ದನ್ನು ವಿಪರೀತ ಮಳೆ ಎಂದು ಎಣಿಸುತ್ತದೆ. ಹಳದಿ, ಕಿತ್ತಳೆ, ಕೆಂಪು ಎಂದು ಸಾರುವ ಎಚ್ಚರಿಕೆಗಳೂ ಸಾಮಾನ್ಯವಾಗಿ ಇದಕ್ಕೇ ಹೊಂದಿರುತ್ತವೆ. ಆದರೆ ಜಿಲ್ಲೆಗೆಲ್ಲ ಒಂದೇ ಬಣ್ಣ. ಗಾಳಿಬೀಡಿನ ಮಳೆ ಕುಶಾಲನಗರಕ್ಕಿಲ್ಲ. ನಿಮ್ಮ ಅಂಗಳದ ಮಾಪಕ ಹೇಳುವುದೇ ನಿಮಗೆ ಹತ್ತಿರದ ಸತ್ಯ. ಎರಡು ಮೂರು ದಿನ ಒಂದೇ ಸಮನೆ ಐದು ಆರು ಇಂಚು ಬಿದ್ದರೆ ಯಾವ ಬಣ್ಣ ಸಾರಿದ್ದಾರೆಂದು ಕಾಯಬೇಕಾಗಿಲ್ಲ.

ಗುಡ್ಡ ಜಾರುವ ಮುನ್ನ ಅನೇಕ ವೇಳೆ ಸೂಚನೆ ಕೊಡುತ್ತದೆ. ಇಲ್ಲದ ಕಡೆ ಜಲ ಎದ್ದು ಬರುವುದು, ತಿಳಿಯಾಗಿದ್ದ ಒರತೆ ಕೆಸರಾಗುವುದು, ನೆಟ್ಟಗಿದ್ದ ಮರ ಅಥವಾ ಕಂಬ ವಾಲುವುದು, ಮೊನ್ನೆಯವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಬಿಗಿಯಾಗುವುದು, ನೆಲದಲ್ಲಿ ಸೀಳು ಬಿಡುವುದು. ಎಲ್ಲಕ್ಕಿಂತ ಕೆಟ್ಟದ್ದು, ಮಳೆ ಸುರಿಯುತ್ತಿರುವಾಗಲೇ ಕೊಲ್ಲಿಯ ನೀರು ಥಟ್ಟನೆ ಇಳಿಯುವುದು. ನೀರು ತಗ್ಗಿತೆಂದು ಸಮಾಧಾನಪಡಬೇಡಿರಿ. ಮೇಲೆಲ್ಲೋ ಮಣ್ಣು, ಮರ ಅಡ್ಡ ಬಿದ್ದು ನೀರು ಕಟ್ಟಿಕೊಂಡಿರಬಹುದು. ಕಟ್ಟೆ ಒಡೆದರೆ ಒಟ್ಟಿಗೆ ಬರುತ್ತದೆ. ಇನ್ನು, ಬರೆ ಸ್ವಲ್ಪ ಜರಿದು ಹಿತ್ತಲಿಗೆ ಮಣ್ಣು ಬಿತ್ತೆಂದು ಮಳೆಯಲ್ಲೇ ಗುದ್ದಲಿ ಹಿಡಿದು ತೆಗೆಯಲು ನಿಲ್ಲುವವರಿದ್ದಾರೆ. ಬಿದ್ದ ಮಣ್ಣೇ ಮೇಲಿನ ಬರೆಗೆ ಆಸರೆಯಾಗಿರುತ್ತದೆ. ಮಳೆ ಬಿಟ್ಟು ನೆಲ ಆರುವವರೆಗೆ ಅದನ್ನು ಮುಟ್ಟಬೇಡಿರಿ.

ಮನೆ ಬಿಡುವುದಾದರೆ ಬೆಳಕಿರುವಾಗಲೇ ಬಿಡಬೇಕು. ವಯನಾಡಿನಲ್ಲಿ ಗುಡ್ಡ ಬಂದದ್ದು ಜನ ಮಲಗಿದ್ದ ನಡುರಾತ್ರಿಯ ಮೇಲೆ. ಕತ್ತಲಾದ ಮೇಲೆ ವಿದ್ಯುತ್ ಇರುವುದಿಲ್ಲ, ಫೋನ್ ಸಿಗುವುದಿಲ್ಲ, ದಾರಿ ಕಾಣುವುದಿಲ್ಲ. ಆದ್ದರಿಂದ ಮಧ್ಯಾಹ್ನ ಮೂರು ಗಂಟೆಗೆ ಮನೆಯವರು ಕುಳಿತು ಈ ರಾತ್ರಿ ಇಲ್ಲಿರುವುದೋ, ನೆಂಟರ ಮನೆಗೋ ಕಾಳಜಿ ಕೇಂದ್ರಕ್ಕೋ ಹೋಗುವುದೋ ತೀರ್ಮಾನಿಸಿರಿ. ಏಳದಿರುವುದಕ್ಕೆ ಕಾರಣ ಬಹುತೇಕ ದನಕರು, ನಾಯಿ, ಬೀಗ ಹಾಕಿದ ಮನೆಗೆ ಕಳ್ಳರ ಭಯ, ಮತ್ತೆ ಹಿರಿಯರ ಹಟ. ದನಗಳನ್ನು ಮೊದಲೇ ಸುರಕ್ಷಿತ ಕೊಟ್ಟಿಗೆಗೆ ದಾಟಿಸಿರಿ, ಆಗದಿದ್ದರೆ ಹಗ್ಗ ಬಿಚ್ಚಿರಿ. ಪಹಣಿ, ಆಧಾರ್, ಪಾಸ್‌ಬುಕ್, ಪಡಿತರ ಚೀಟಿ, ದಿನನಿತ್ಯದ ಮಾತ್ರೆ, ಟಾರ್ಚು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಬಳಿ ಇರಲಿ. ಅಜ್ಜನವರು ಕದಲುವುದಿಲ್ಲವೆಂದರೆ ವಾದ ಬೇಡ. ಮೊಮ್ಮಕ್ಕಳ ಜೊತೆಗೆ ಯಾರಾದರೂ ಹಿರಿಯರು ಇರಬೇಕೆಂದು ಕೇಳಿಕೊಂಡರೆ ಏಳುವವರು ಎಷ್ಟೋ ಮಂದಿ.

ತೋಟದ ಮಾಲೀಕರಲ್ಲಿ ಒಂದು ನೇರ ಮಾತು. ಲೈನ್ ಮನೆಗಳಲ್ಲಿ ಈಗ ಅಸ್ಸಾಂ ಮೊದಲಾದ ದೂರದ ಕಡೆಯಿಂದ ಬಂದ ಕುಟುಂಬಗಳಿವೆ. ಅವರಿಗೆ ಕನ್ನಡ ಪತ್ರಿಕೆ ಓದಲು ಬಾರದು, ಈ ಗುಡ್ಡದ ಹಿಂದಿನ ಚರಿತ್ರೆ ಗೊತ್ತಿಲ್ಲ, ಕೊಲ್ಲಿಯ ಸದ್ದು ಎಂದಿನದೋ ಹೊಸದೋ ತಿಳಿಯದು. ತಗ್ಗಿನಲ್ಲಿ ಅಥವಾ ಬರೆಯ ಬುಡದಲ್ಲಿ ಲೈನ್ ಇದ್ದರೆ ಕೆಟ್ಟ ಮಳೆಯ ರಾತ್ರಿಗಳಲ್ಲಿ ಅವರನ್ನು ಕಾಫಿ ಗೋದಾಮಿಗೋ ಶಾಲೆಗೋ ಕಳುಹಿಸುವ ಹೊಣೆ ನಿಮ್ಮದು. ಅವರು ಬಂದು ಕೇಳಲಿ ಎಂದು ಕಾಯುವುದು ಸರಿಯಲ್ಲ. ಕೇಳಿದರೆ ಕೆಲಸ ಹೋದೀತೆಂದು ಹೆದರುವವರು ಅವರು.

ಹೊಳೆಯ ಪಕ್ಕದವರಿಗೆ ಹೆಚ್ಚು ಹೇಳಬೇಕಿಲ್ಲ. ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯವರಿಗೆ ಕಾವೇರಿ ಏರುವುದು ಹೊಸದಲ್ಲ. ರಸ್ತೆಯ ಮೇಲೆ ಹರಿಯುವ ನೀರಿಗೆ ಜೀಪು, ಬೈಕು ಇಳಿಸಬೇಡಿರಿ, ಅಷ್ಟೆ. ಬೋರ್ಡೋ ಸಿಂಪರಣೆಗೆ ಅಲ್ಯೂಮಿನಿಯಂ ಏಣಿ ಹಾಗೂ ಉದ್ದ ಕೋಲು ಎತ್ತುವಾಗ ಮೇಲಿನ ತಂತಿ ನೋಡಿರಿ. ಬಿದ್ದ ತಂತಿಯ ಹತ್ತಿರ ಹೋಗದೆ 1912ಕ್ಕೆ ತಿಳಿಸಿರಿ. ನಾಟಿ ಗದ್ದೆಗೆ ಇಳಿದವರಿಗೆ ಜ್ವರ, ಮೀನಖಂಡದ ನೋವು ಬಂದರೆ ಅದು ಇಲಿ ಜ್ವರವಿರಬಹುದು. ಮಳೆ ಜ್ವರವೆಂದು ಕಷಾಯ ಕುಡಿದು ಮಲಗದೆ ಆಸ್ಪತ್ರೆಗೆ ಹೋಗಿ, ಗದ್ದೆ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿರಿ.

ವಾಚನಾಲಯದಲ್ಲಿ ಈ ಪುಟ ಓದುವವರು ಒಂದು ಉಪಕಾರ ಮಾಡಬೇಕು. ಜಿಲ್ಲಾ ನಿಯಂತ್ರಣ ಕೊಠಡಿಯ 1077, ತುರ್ತು ಕರೆಯ 112, ವಿದ್ಯುತ್ತಿನ 1912, ಈ ಮೂರು ಸಂಖ್ಯೆಗಳನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು, ಅದರ ಕೆಳಗೆ ನಿಮ್ಮ ಊರಿನಲ್ಲಿ ಬರೆಯ ಬುಡಕ್ಕಿರುವ ಮನೆಗಳ ಪಟ್ಟಿಯನ್ನೂ, ಕೆಟ್ಟ ಮಳೆಯ ಮಧ್ಯಾಹ್ನ ಯಾರು ಯಾವ ಮನೆಗೆ ಹೋಗಿ ಕರೆಯಬೇಕೆಂಬುದನ್ನೂ ಬರೆಯಿರಿ. ಒಂಟಿಯಾಗಿರುವ ವಯಸ್ಸಾದವರ ಮತ್ತು ಲೈನ್ ಮನೆಗಳ ಹೆಸರು ಪಟ್ಟಿಯ ಮೊದಲಿಗಿರಲಿ. ಪಂಚಾಯಿತಿಯವರಿಗೆ ಅದರ ಒಂದು ಪ್ರತಿಯನ್ನು ಜೂನ್ ಮೊದಲ ವಾರದೊಳಗೆ ಕೊಡಿರಿ.